ಡೈರಿ ಮನೆಯ ಕರಿ ಕಾಫಿ

ಕಾಫಿ ಮಾಡುವುದರಲ್ಲಿ ಈ ಹೋಬಳಿಯಲ್ಲಿ ನನ್ನನ್ನು ಮೀರಿಸುವವರು ಯಾರೂ ಇಲ್ಲ ಎಂದು ನಾನು ನಂಬಿದ್ದ ಕಾಲವೊಂದಿತ್ತು. ಆ ಕಾಲ ಹೋದ ತಿಂಗಳವರೆಗೂ ಇತ್ತು.

ನಾನು ದೊಡ್ಡಬಳ್ಳಾಪುರದ ಒಂದು ಬಟ್ಟೆ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ಹೆಸರು ರಾಮಾಂಜಿ. ಊರು ತೂಬಗೆರೆಯ ಹತ್ತಿರದ ಒಂದು ಸಣ್ಣ ಹಳ್ಳಿ. ಮನೆಯಲ್ಲಿರುವುದು ನಾನು, ನನ್ನ ಹೆಂಡತಿ ಜಯಮ್ಮ, ಎರಡು ಸೀಮೆಹಸು ಮತ್ತು ಒಂದು ಕರು. ಮನೆಯಲ್ಲಿ ಯಾರ ಮಾತು ಎಷ್ಟು ನಡೆಯುತ್ತದೆ ಎಂದು ತಿಳಿಯಬೇಕಾದರೆ ಈ ಪಟ್ಟಿಯಿಂದ ಜಯಮ್ಮನನ್ನು ಎತ್ತಿ ಮೇಲಿಟ್ಟು, ಉಳಿದದ್ದನ್ನು ಕೊನೆಯಿಂದ ಓದಬೇಕು.

ಕಾಫಿಯ ಹುಚ್ಚು ಹಿಡಿದದ್ದು ಕಾರ್ಖಾನೆಯಲ್ಲೇ. ಹೊಸದಾಗಿ ಬಂದ ಮ್ಯಾನೇಜರ್ ಸಾಹೇಬರು ಒಂದು ದಿನ ಕ್ಯಾಬಿನ್ನಿಗೆ ಕರೆದು, ತಾವೇ ಮಾಡಿದ ಕರಿ ಕಾಫಿಯನ್ನು ಒಂದು ಲೋಟ ಕೊಟ್ಟು, "ಏನು ರುಚಿ ಸಿಗುತ್ತೆ ಹೇಳಿ ರಾಮಾಂಜಿ" ಅಂದರು. ನನಗೆ ಸಿಕ್ಕಿದ್ದು ಕಹಿ ಒಂದೇ. ಮೇಲಧಿಕಾರಿ ಕೇಳುವಾಗ ಕಹಿ ಅನ್ನಲಾದೀತೇ? ಹಿಂದಿನ ದಿನ ಕಿತ್ತಳೆ ತಿಂದದ್ದು ನೆನಪಾಗಿ "ಕಿತ್ತಳೆ ಸಾರ್" ಅಂದುಬಿಟ್ಟೆ. ಅವರು ಕುರ್ಚಿಯಿಂದ ಎದ್ದು ನಿಂತರು. "ನಿಮ್ಮದು ಅಪರೂಪದ ನಾಲಿಗೆ ಕಣ್ರೀ" ಅಂದರು. ಆ ಮಾತು ತಲೆಗೇರಿತು. ಇಷ್ಟು ವರ್ಷ ಬರೀ ಉಪ್ಪಿನಕಾಯಿ ನೆಕ್ಕಲು ಬಳಸಿದ ನಾಲಿಗೆ ಅಪರೂಪದ್ದು ಎಂದು ಗೊತ್ತಾದ ಮೇಲೆ ಸುಮ್ಮನೆ ಕೂರುವುದಾದರೂ ಹೇಗೆ?

ಅಲ್ಲಿಂದ ಮುಂದೆ ಫೋನಿನಲ್ಲಿ ವಿಡಿಯೋ ನೋಡಿದ್ದೇ ನೋಡಿದ್ದು. ಒಂದೊಂದಾಗಿ ಪಾರ್ಸೆಲ್ಲುಗಳು ಬರತೊಡಗಿದವು. ಒಳಗೆ ಉಕ್ಕಿನ ಹಲ್ಲುಗಳಿರುವ ಒಂದು ಕೈಗಿರಣಿ ಬಂತು. ಕೊಕ್ಕರೆಯ ಕತ್ತಿನ ಹಾಗೆ ಬಳುಕಿದ ಮೂತಿಯ ಒಂದು ಕೆಟಲ್ ಬಂತು. ಗಾಜಿನ ಆಲಿಕೆ, ಅದರೊಳಗೆ ಮಡಿಸಿ ಇಡುವ ಬಿಳಿ ಕಾಗದಗಳು, ಗ್ರಾಂ ಲೆಕ್ಕದ ತಕ್ಕಡಿ, ನೀರಿನ ಬಿಸಿ ನೋಡುವ ಉದ್ದನೆಯ ಕಡ್ಡಿ, ಎಲ್ಲವೂ ಬಂದವು. ಜಯಮ್ಮ ಆ ಕಡ್ಡಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು.

"ಇದು ಡಾಕ್ಟರು ಹಸೂಗೆ ಜ್ವರ ನೋಡೋದಲ್ಲ ತಾನೇ?"

"ಛೆ, ಇದು ಕಾಫಿಗೆ ಅಂತಲೇ ಇರೋದು. ನೀರು ಸರಿಯಾದ ಬಿಸಿ ಬರಬೇಕು, ಪುಡಿ ಸರಿಯಾದ ತೂಕ ಇರಬೇಕು."

"ಹಸೂಗೆ ಹಿಂಡಿ ಹಾಕುವಾಗ ಒಂದಿನಾನೂ ತೂಕ ನೋಡ್ಲಿಲ್ಲ ನೀವು" ಎಂದು ಹೇಳಿ ಅವಳು ಕೊಟ್ಟಿಗೆಗೆ ಹೋದಳು.

ಕೈಗಿರಣಿಯ ಕಥೆಯನ್ನು ಬೇರೆಯಾಗಿಯೇ ಹೇಳಬೇಕು. ಅದನ್ನು ತೊಡೆಗಳ ಮಧ್ಯೆ ಇರುಕಿಸಿಕೊಂಡು, ಹಲ್ಲು ಕಚ್ಚಿ ತಿರುಗಿಸಿದರೆ ಕರಕರ ಎಂಬ ಸದ್ದು ಹೊರಡುತ್ತಿತ್ತು. ಅದೂ ಹುಲ್ಲು ಕತ್ತರಿಸುವ ಯಂತ್ರದ ಸದ್ದೂ ಒಂದೇ ಥರ. ನಾನು ಬೀಜ ಬೀಸಲು ಕೂತರೆ ಸಾಕು, ಕೊಟ್ಟಿಗೆಯಲ್ಲಿ ಎರಡೂ ಹಸುಗಳು ಎದ್ದು ನಿಂತು ಮೇವು ಬಂತೆಂದು ಅಂಬಾ ಅನ್ನುತ್ತಿದ್ದವು. ಮೇವು ಬರುತ್ತಿರಲಿಲ್ಲ. ಕಾಫಿಯ ಘಮ ಮಾತ್ರ ಹೋಗುತ್ತಿತ್ತು. ಹಸುಗಳು ನನ್ನ ಮೇಲಿನ ಗೌರವವನ್ನು ಕಳೆದುಕೊಂಡದ್ದು ಆಗಲೇ.

ಇನ್ನು ಕಾಫಿ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯಲು ವಿಡಿಯೋದವರ ಬಳಿ ಒಂದು ಯಂತ್ರವಿತ್ತು. ಅದು ನನ್ನ ಕೈಗೆಟುಕುವಂಥದ್ದಲ್ಲ. ಆದರೆ ಡೈರಿ ಮನೆಯವನಿಗೆ ಅದರ ಚಿಂತೆಯೇಕೆ? ಹಾಲಿನಲ್ಲಿ ನೀರಿದೆಯೋ ಇಲ್ಲವೋ ಎಂದು ನೋಡುವ ಗಾಜಿನ ಲ್ಯಾಕ್ಟೋಮೀಟರ್ ಮನೆಯಲ್ಲೇ ಇತ್ತು. ನಮ್ಮ ಊರಿನವರು ಅದನ್ನು ಡಿಗ್ರಿ ಕಡ್ಡಿ ಅನ್ನುತ್ತಾರೆ. ಜಯಮ್ಮ ತನ್ನ ಹಾಲಿನ ಡಿಗ್ರಿಯನ್ನು ಮನೆಯಲ್ಲೇ ನೋಡಿಕೊಂಡು ಸಂಘಕ್ಕೆ ಹಾಕುವವಳು, ಅಷ್ಟು ಶಿಸ್ತು. ನಾನು ಅದನ್ನು ಕಾಫಿಯಲ್ಲಿ ಬಿಟ್ಟೆ. ಅದು ಕತ್ತಿನವರೆಗೂ ಮುಳುಗಿ, ನನ್ನ ಕಾಫಿಯನ್ನು ಶುದ್ಧ ನೀರು ಎಂದು ಸಾರಿತು. ಹಾಲಿನ ಕಡ್ಡಿಗೆ ಕಾಫಿಯ ಮೇಲೆ ಹೊಟ್ಟೆಕಿಚ್ಚು ಇರುವುದು ಸಹಜ ಎಂದು ನಾನು ಕ್ಷಮಿಸಿದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮೂರಿನಲ್ಲಿ ಹೆಂಗಸರೇ ನಡೆಸುವ ಹಾಲಿನ ಸಂಘವಿದೆ. ಅದಕ್ಕೆ ಹೊಸ ಅಧ್ಯಕ್ಷೆಯನ್ನು ಆರಿಸಬೇಕಾಗಿತ್ತು. ಜಯಮ್ಮ ಒಬ್ಬ ನಿರ್ದೇಶಕಿ. ಅಧ್ಯಕ್ಷೆಯಾಗಬೇಕೆಂಬ ಆಸೆ ಅವಳಿಗೆ ಬಹಳ ದಿನದ್ದು, ಅದು ಬರೀ ಕುರ್ಚಿಯ ಆಸೆಯೂ ಅಲ್ಲ. ಹಾಲು ಹಾಕುವ ಜಾಗಕ್ಕೆ ಸೂರಿಲ್ಲ. ಮಳೆ ಬಂದರೆ ಹೆಂಗಸರೆಲ್ಲ ಸೆರಗನ್ನು ಕ್ಯಾನಿಗೆ ಹೊದಿಸಿ ತಾವು ನೆನೆಯುತ್ತಾ ನಿಲ್ಲುತ್ತಾರೆ. "ನಾನು ಅಧ್ಯಕ್ಷೆ ಆದ್ರೆ ಮೊದಲು ಅಲ್ಲೊಂದು ಶೀಟ್ ಹಾಕಿಸ್ತೀನಿ ಕಣ್ರೀ" ಎಂದು ಅವಳು ಹೇಳುತ್ತಲೇ ಇದ್ದಳು. ಎದುರಿಗೆ ನಿಂತವಳು ಪಕ್ಕದ ಬೀದಿಯ ಸರೋಜಮ್ಮ. ಅವಳೂ ನಿರ್ದೇಶಕಿ, ಮಾತಿನಲ್ಲಿ ಬೆಣ್ಣೆ.

ನಮ್ಮಲ್ಲೊಂದು ಪದ್ಧತಿ. ಚುನಾವಣೆ ಗಿನಾವಣೆ ಅಂತ ಊರಲ್ಲಿ ಮನಸ್ತಾಪ ಬೇಡವೆಂದು, ನಿರ್ದೇಶಕಿಯರೆಲ್ಲ ಒಟ್ಟಾಗಿ ಇಬ್ಬರ ಮನೆಗೂ ಹೋಗಿ, ಕಾಫಿ ಕುಡಿದು, ಕೊಟ್ಟಿಗೆ ನೋಡಿ, ಮಾತಾಡಿ ಒಬ್ಬರನ್ನು ಒಪ್ಪಿಕೊಂಡುಬಿಡುತ್ತಾರೆ. ಸಂಘದ ಕಚೇರಿಯಲ್ಲಿ ನಡೆಯುವುದು ಬರೀ ಸಹಿ. ನಿಜವಾದ ತೀರ್ಮಾನ ಆಗುವುದು ಕಾಫಿ ಲೋಟದಲ್ಲೇ.

ಸರೋಜಮ್ಮನ ಮನೆಯ ಸರದಿ ಮುಗಿದಿತ್ತು. ಗಟ್ಟಿ ಹಾಲಿನ ಕಾಫಿ, ಜೊತೆಗೆ ಕೋಡುಬಳೆ ಎಂದು ಸುದ್ದಿ ಬಂದಿತ್ತು. ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬರುವವರಿದ್ದರು. ಜಯಮ್ಮ ಹೊತ್ತಿಗೆ ಮುಂಚೆ ಎದ್ದು, ಸ್ಟೀಲ್ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸಿ, ಒಂದು ಪಾತ್ರೆ ತುಂಬ ಹಾಲು ಕಾಯಿಸಿ, ಕೆನೆ ಕಟ್ಟುವ ಹಾಗೆ ಮುಚ್ಚಿಟ್ಟಳು. ಉಳಿದ ಹಾಲನ್ನು ಸಂಘಕ್ಕೆ ಹಾಕಿ, ಎಲ್ಲರನ್ನೂ ಕರೆದುಕೊಂಡು ಬರುವುದಾಗಿ ಹೊರಟಳು.

"ನಾನು ಬಂದೋರ ಜೊತೆ ಕೂತ್ಕೋಬೇಕು. ನೀವು ಹಾಲು ಬಿಸಿ ಮಾಡಿ, ಡಿಕಾಕ್ಷನ್ ಹಾಕಿ, ಸಕ್ಕರೆ ಹಾಕಿ, ತಂದುಕೊಡಿ. ಅಷ್ಟೇ. ಬೇರೆ ಏನೂ ಮಾಡ್ಬೇಡಿ."

"ಬೇರೆ ಏನ್ ಮಾಡ್ತೀನಿ ನಾನು?"

ಅವಳು ನನ್ನನ್ನು ಒಂದು ಗಳಿಗೆ ನೋಡಿ, ಏನೋ ಹೇಳಲು ಹೋಗಿ, ಹೊತ್ತಾಯಿತೆಂದು ಹೊರಟುಬಿಟ್ಟಳು. ಆ ಏನೋ ಒಂದನ್ನು ಅವಳು ಹೇಳಿಬಿಡಬೇಕಾಗಿತ್ತು.

ನಾನು ಅಡುಗೆಮನೆಯಲ್ಲಿ ನಿಂತು ಯೋಚಿಸಿದೆ. ಸರೋಜಮ್ಮನೂ ಹಾಲಿನ ಕಾಫಿ ಕೊಟ್ಟಿದ್ದಾಳೆ. ನಾವೂ ಹಾಲಿನ ಕಾಫಿ ಕೊಟ್ಟರೆ ವ್ಯತ್ಯಾಸವೇನು? ಅವರ ಮನೆಯಲ್ಲಿ ಕೋಡುಬಳೆ ಬೇರೆ ಇತ್ತು. ಇಲ್ಲಿ ಗೆಲ್ಲಬೇಕಾದರೆ ಈ ಹೆಂಗಸರು ಜನ್ಮದಲ್ಲಿ ಕುಡಿಯದ ಕಾಫಿಯನ್ನು ಕುಡಿಸಬೇಕು. ಹೆಂಡತಿಯ ಗೆಲುವಿಗೆ ಗಂಡನ ಕಾಣಿಕೆ! ಯೋಚನೆ ಬಂದದ್ದೇ ರೋಮಾಂಚನವಾಯಿತು.

ಆದರೆ ಹಾಲು ಕಣ್ಣಿಗೆ ಬಿದ್ದರೆ ಯಾರಾದರೂ "ಸ್ವಲ್ಪ ಹಾಲು ಹಾಕಿ" ಅನ್ನುತ್ತಾರೆ. ಹಾಲು ಕಾಫಿಯ ಶತ್ರು ಎಂದು ವಿಡಿಯೋದವನು ಸಾರಿ ಸಾರಿ ಹೇಳಿದ್ದ. ಆದ್ದರಿಂದ ನಾನು ಆ ಹಾಲಿನ ಪಾತ್ರೆಯನ್ನು ಕೊಟ್ಟಿಗೆಗೆ ಒಯ್ದು ಕರುವಿನ ಮುಂದಿಟ್ಟೆ. ಕರು ನನ್ನ ಮುಖವನ್ನು ನಂಬಲಾರದೆ ನೋಡಿತು. ಆಮೇಲೆ ಪಾತ್ರೆಯೊಳಗೆ ಮೂತಿ ಇಟ್ಟದ್ದು, ತಳ ನೆಕ್ಕುವವರೆಗೂ ಎತ್ತಲಿಲ್ಲ. ಡಿಕಾಕ್ಷನ್ ಕರಿಬೇವಿನ ಗಿಡಕ್ಕೆ ಹೋಯಿತು. ಹೀಗೆ ವಾಪಸ್ಸು ಬರುವ ದಾರಿಯನ್ನೆಲ್ಲ ನನ್ನ ಕೈಯಾರೆ ಮುಚ್ಚಿಕೊಂಡು ನಾನು ಯುದ್ಧಕ್ಕೆ ಸಿದ್ಧನಾದೆ.

ಹೆಂಗಸರು ಬಂದರು. ಎಲ್ಲರಿಗಿಂತ ಹಿರಿಯಳಾದ ಮುನಿಯಮ್ಮ ಮುಂದೆ. ಅವಳು ಹೂಂ ಅಂದರೆ ಸಂಘವೇ ಹೂಂ ಅಂದ ಹಾಗೆ. ಅವಳ ಹಿಂದೆ ಎಮ್ಮೆ ಸಾಕುವ ಶಾಹಿದಾ, ನಗುನಗುತ್ತಾ ಸರೋಜಮ್ಮ, ಮತ್ತೆ ನಾಲ್ಕಾರು ಮಂದಿ. ಎಲ್ಲರೂ ನಡುಮನೆಯಲ್ಲಿ ಚಾಪೆಯ ಮೇಲೆ ಕೂತರು. ಜಯಮ್ಮ ಶೀಟಿನ ವಿಷಯ ಎತ್ತಿದಳು. ಮುನಿಯಮ್ಮ ತಲೆದೂಗುತ್ತಿದ್ದುದು ಅಡುಗೆಮನೆಯಿಂದಲೇ ಕಾಣುತ್ತಿತ್ತು. ಎಲ್ಲವೂ ಚೆನ್ನಾಗಿಯೇ ಇತ್ತು, ನಾನು ಕೈಗಿರಣಿಯನ್ನು ತಿರುಗಿಸುವವರೆಗೆ.

ಕರಕರ ಅಂದಿತು. ಕೊಟ್ಟಿಗೆಯಲ್ಲಿ ಎರಡೂ ಹಸುಗಳು ಎದ್ದವು. ಅಂಬಾ!

ಆಲಿಕೆಯಲ್ಲಿ ಒಂದು ಸಲಕ್ಕೆ ಒಂದೇ ಲೋಟ ಕಾಫಿ ಆಗುತ್ತದೆ ಎಂಬ ವಿಷಯ ನನಗೆ ಗೊತ್ತಿತ್ತು. ಬಂದವರು ಒಂದು ಚಾಪೆ ತುಂಬ ಇದ್ದಾರೆ ಎಂಬುದೂ ಕಾಣುತ್ತಿತ್ತು. ಈ ಎರಡನ್ನೂ ಸೇರಿಸಿ ನೋಡುವ ಕೆಲಸವೊಂದು ಬಾಕಿ ಉಳಿದಿತ್ತು. ಹಾಗಾಗಿ ಬೀಸುತ್ತಲೇ ಇದ್ದೆ, ಹಸುಗಳು ಕೂಗುತ್ತಲೇ ಇದ್ದವು.

"ಯಾಕವ್ವ ಜಯಮ್ಮ, ದನ ಹಿಂಗೆ ಅರಚ್ತಾವೆ? ಮೇವು ಹಾಕಿಲ್ವಾ?" ಮುನಿಯಮ್ಮನ ದನಿ.

"ಹಾಕಿದೀನಿ ಮುನಿಯಮ್ಮ. ಬೆಳಿಗ್ಗೇನೇ ಹಾಕಿದೀನಿ."

"ಹೊಟ್ಟೆ ತುಂಬಿದ್ ದನ ಹಿಂಗೆ ಕೂಗಲ್ಲ ಬಿಡಿ" ಎಂದು ಸರೋಜಮ್ಮ ಮೆಲ್ಲಗೆ ಸೇರಿಸಿದಳು.

ಜಯಮ್ಮ ಬಾಗಿಲಿಂದ ಇಣುಕಿದಳು. "ಕಾಫಿ ಆಯ್ತಾ?"

"ಅರಳ್ತಾ ಇದೆ."

"ಏನು?"

"ಪುಡಿಗೆ ಸ್ವಲ್ಪ ನೀರು ಹಾಕಿದೀನಿ. ಅದು ಅರಳೋವರೆಗೂ ಕಾಯ್ಬೇಕು."

"ಅರಳೋಕೆ ಅದೇನು ಮಲ್ಲಿಗೆ ಮೊಗ್ಗಾ?" ಅಂದವಳು ಅಲ್ಲೇ ನಿಂತಳು. ಆಲಿಕೆ, ಕೆಟಲ್, ತಕ್ಕಡಿಗಳ ಮೇಲೆ ಅವಳ ಕಣ್ಣು ಹರಿಯಿತು. ಅಷ್ಟರಲ್ಲಿ ಮುನಿಯಮ್ಮ ಏನೋ ಕೇಳಿದಳೆಂದು ನಡುಮನೆಗೆ ಹೋಗಬೇಕಾಯಿತು. ಹೋಗುವಾಗ ಅವಳು ನೋಡಿದ ನೋಟದಿಂದಲೇ ನೀರನ್ನು ಒಲೆಯಿಲ್ಲದೆ ಕುದಿಸಬಹುದಾಗಿತ್ತು.

ಅವಸರಕ್ಕೆ ಪುಡಿ ತೀರಾ ನುಣ್ಣಗಾಗಿ ಹೋಗಿತ್ತು. ಕಾಗದ ಕಟ್ಟಿಕೊಂಡು ನೀರು ಇಳಿಯಲೇ ಇಲ್ಲ. ಬೆರಳಲ್ಲಿ ತಟ್ಟಿದೆ, ಕಾಗದ ಹರಿಯಿತು. ಇನ್ನೊಂದು ಹಾಕಿದೆ, ಅದೂ ಹರಿಯಿತು. ಕಾಗದಗಳೇ ಮುಗಿದವು. ಕೊನೆಗೆ ಹಾಲು ಸೋಸುವ ಬಟ್ಟೆಯನ್ನು ಆಲಿಕೆಗೆ ಹೊದಿಸಿ, ಕೆಟಲಿನ ನೀರನ್ನೆಲ್ಲ ಒಂದೇ ಸಲ ಸುರಿದೆ. ವಿಡಿಯೋದವನು ನೋಡಿದ್ದರೆ ಅಳುತ್ತಿದ್ದ. ಒಂದು ಚೊಂಬು ತುಂಬ ಏನೋ ಇಳಿಯಿತು. ಅದನ್ನು ಲೋಟಗಳಿಗೆ ಬಗ್ಗಿಸಿ, ಚೊಂಬಿನಲ್ಲಿ ಉಳಿದದ್ದು ಎಷ್ಟು ಗಟ್ಟಿ ನೋಡೋಣವೆಂದು ಡಿಗ್ರಿ ಕಡ್ಡಿ ಬಿಟ್ಟು, ಎಂದಿನಂತೆ ಅದು ಮುಳುಗಿದ ಮೇಲೆ ಅಲ್ಲೇ ಮರೆತು, ಲೋಟಗಳನ್ನು ತಟ್ಟೆಯಲ್ಲಿಟ್ಟುಕೊಂಡು ಹೊರಗೆ ಬಂದೆ. ಸಕ್ಕರೆ ಹಾಕಿರಲಿಲ್ಲ. ಮರೆತದ್ದಲ್ಲ, ಅದು ತತ್ವ.

ಲೋಟಗಳನ್ನು ಹಂಚಿದೆ. ಮುನಿಯಮ್ಮ ಲೋಟದೊಳಗೆ ನೋಡಿದಳು. ನನ್ನ ಮುಖ ನೋಡಿದಳು. ಮತ್ತೆ ಲೋಟದೊಳಗೆ ನೋಡಿದಳು.

"ರಾಮಾಂಜಿ, ಹಾಲು ಹಾಕೋದು ಮರೆತ್ಬುಟ್ಯೇನಪ್ಪಾ?"

"ಇಲ್ಲ ಮುನಿಯಮ್ಮ. ಇದನ್ನ ಹೀಗೇ ಕುಡಿಯೋದು. ನಿಧಾನಕ್ಕೆ ಕುಡಿದ್ರೆ ಕಿತ್ತಳೆ ರುಚಿ ಸಿಗುತ್ತೆ."

ಅವಳು ಒಂದು ಗುಟುಕು ಕುಡಿದಳು. ಅವಳ ಮುಖ ಒಂದು ಕಡೆಗೆ ಎಳೆದುಕೊಂಡು ಹೋಯಿತು. "ಕಿತ್ತಳೆ ಇಲ್ಲ ಕಣಪ್ಪ. ಕಿತ್ತಳೆ ಸಿಪ್ಪೆ ಬೇಕಾದ್ರೆ ಇರ್ಬೋದು."

ಶಾಹಿದಾ ಪಾಪ, ನನ್ನ ಮರ್ಯಾದೆ ಉಳಿಸಲು ನೋಡಿದಳು. "ನಮ್ ಮನೇಲೂ ಹಾಲಿಲ್ದೆ ಚಾ ಮಾಡ್ತೀವಿ ಮುನಿಯಮ್ಮಾ." ಒಂದು ಗುಟುಕು ನುಂಗಿ, ಕಣ್ಣು ಮುಚ್ಚಿ, ಸತ್ಯಕ್ಕೆ ಸೋತಳು. "ಹೊಟ್ಟೆ ಕೆಟ್ರೆ."

ಸರೋಜಮ್ಮ ಲೋಟವನ್ನು ಮುಟ್ಟಲೇ ಇಲ್ಲ. "ಅಲ್ಲಾ ಜಯಕ್ಕ, ಮನೇಲಿ ಹಾಲೇ ಇಲ್ವಾ? ಸಂಘಕ್ಕೂ ಇವತ್ತು ಸ್ವಲ್ಪ ಕಮ್ಮೀನೇ ಹಾಕಿದ್ರಿ. ಮತ್ತೆ ಹಾಲೆಲ್ಲ ಎಲ್ಲಿಗೆ ಹೋಯ್ತು?"

ಹಾಲಿನ ಸಂಘದವರ ಮಧ್ಯೆ ಇದಕ್ಕಿಂತ ಕೆಟ್ಟ ಪ್ರಶ್ನೆಯಿಲ್ಲ. ಸಂಘದ ಸದಸ್ಯೆಯಾಗಿದ್ದುಕೊಂಡು ಹಾಲನ್ನು ಹೊರಗಿನ ಹೋಟೆಲಿಗೆ ಮಾರುವುದೆಂದರೆ, ತವರಿನ ಅಕ್ಕಿ ಕದ್ದು ಅಂಗಡಿಗೆ ಹಾಕಿದ ಹಾಗೆ. ಅಷ್ಟರಲ್ಲಿ ಬಾಯಿ ತೊಳೆದುಕೊಳ್ಳಲು ಅಡುಗೆಮನೆಗೆ ಹೋಗಿದ್ದ ಇನ್ನೊಬ್ಬಳು ನನ್ನ ಚೊಂಬನ್ನು ಎತ್ತಿಕೊಂಡೇ ಬಂದಳು. ಅದರೊಳಗೆ ಡಿಗ್ರಿ ಕಡ್ಡಿ ನೆಟ್ಟಗೆ ನಿಂತಿತ್ತು.

"ಇದ್ಯಾಕೆ ಇಲ್ಲೈತೆ?"

"ಗಟ್ಟಿ ಎಷ್ಟಿದೆ ಅಂತ ನೋಡ್ತಿದ್ದೆ" ಅಂದೆ ನಾನು, ಸಹಾಯ ಮಾಡುವ ಉತ್ಸಾಹದಲ್ಲಿ. "ಎಷ್ಟು ನೀರು ಹಾಕಿದ್ರೆ ಡಿಗ್ರಿ ಎಷ್ಟು ಇಳಿಯುತ್ತೆ ಅಂತ ದಿನಾ ಪ್ರಯೋಗ ಮಾಡ್ತಾ ಇರ್ತೀನಿ."

ಆ ಮಾತು ಬಾಯಿಂದ ಹೊರಬಿದ್ದ ಮೇಲೆ ಅದನ್ನು ನಾನೇ ಇನ್ನೊಂದು ಸಲ ಮನಸ್ಸಿನಲ್ಲಿ ಕೇಳಿಸಿಕೊಂಡೆ. ಹಸಿದ ಹಸುಗಳು, ಕಾಣೆಯಾದ ಹಾಲು, ದಿನಾ ನೀರು ಬೆರೆಸಿ ಡಿಗ್ರಿ ನೋಡುವ ಗಂಡ! ನನ್ನ ಹೆಂಡತಿಯ ಶತ್ರುಗಳು ವರ್ಷವಿಡೀ ಕೂತು ಯೋಚಿಸಿದ್ದರೂ ಇಷ್ಟು ಚೆನ್ನಾಗಿ ಅವಳನ್ನು ಮುಳುಗಿಸಲು ಆಗುತ್ತಿರಲಿಲ್ಲ.

ಜಯಮ್ಮ ಎದ್ದು ಬಂದು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. ಬೈಯುತ್ತಾಳೆಂದು ತಲೆ ಬಗ್ಗಿಸಿ ನಿಂತೆ. ಬೈಯಲಿಲ್ಲ.

"ಹಾಲೆಲ್ಲಿ?" ಎಂದು ಪಿಸುದನಿಯಲ್ಲಿ ಕೇಳಿದಳು.

"ಕರುಗೆ ಹಾಕ್ದೆ."

"ಎಲ್ಲಾನೂ?"

"ಎಲ್ಲಾನೂ."

ಅವಳ ಕಣ್ಣಲ್ಲಿ ನೀರು ಬಂತು. "ಒಂದು ಶೀಟ್ ಹಾಕಿಸೋಣ ಅಂತಿದ್ದೆ ಕಣ್ರೀ" ಎಂದಷ್ಟೇ ಹೇಳಿ ಗೋಡೆಗೆ ಒರಗಿದಳು. ನನಗೆ ಆ ಕೈಗಿರಣಿಯನ್ನೂ ಕೊಕ್ಕರೆ ಕೆಟಲನ್ನೂ ಬಾವಿಗೆ ಎಸೆದು, ಹಿಂದೆಯೇ ನಾನೂ ಹಾರಬೇಕು ಅನ್ನಿಸಿತು. ಬಾವಿ ಬತ್ತಿರುವುದರಿಂದ ಅದೂ ಉಪಯೋಗವಿಲ್ಲ.

ಇನ್ನು ಉಳಿದದ್ದು ಒಂದೇ ದಾರಿ. ನಡುಮನೆಗೆ ಹೋಗಿ ಕೈ ಮುಗಿದು ನಿಂತೆ.

"ಮಾನ್ಯ ನಿರ್ದೇಶಕಿಯರೇ" ಎಂದು ಶುರು ಮಾಡಿದೆ. ಗಾಬರಿಯಾದಾಗ ನನ್ನ ಬಾಯಿಂದ ಭಾಷಣ ಬರುತ್ತದೆ. "ಈ ಮನೆಯಲ್ಲಿ ಹಾಲು ಇತ್ತು. ಜಯಮ್ಮ ನಿಮಗೋಸ್ಕರ ಪಾತ್ರೆ ತುಂಬ ಕಾಯಿಸಿಟ್ಟಿದ್ದಳು. ಡಿಕಾಕ್ಷನ್ನೂ ಇಳಿಸಿದ್ದಳು. ಅವಳು ಅತ್ತ ಹೋಗಿದ್ದೇ ತಡ, ಡಿಕಾಕ್ಷನ್ನನ್ನು ಕರಿಬೇವಿಗೆ, ಹಾಲನ್ನು ಕರುವಿಗೆ ನಾನೇ ಕುಡಿಸಿದೆ. ಡಿಗ್ರಿ ನೋಡುತ್ತಿದ್ದದ್ದು ಹಾಲಿಗಲ್ಲ, ಕಾಫಿಗೆ. ಹಸು ಕೂಗುತ್ತಿರುವುದು ಹಸಿವಿಗಲ್ಲ, ನನ್ನ ಗಿರಣಿಯ ಸದ್ದಿಗೆ. ಅವಳದ್ದು ಏನೂ ತಪ್ಪಿಲ್ಲ."

ನಾನು ಹೇಳಿದ್ದು ಅಕ್ಷರ ಅಕ್ಷರ ನಿಜ. ಆದರೆ ಹೊರಗೆ ನಿಂತು ಕೇಳಿದರೆ ಬುದ್ಧಿ ಇರುವ ಯಾವನೂ ನಂಬುವಂಥದ್ದಾಗಿರಲಿಲ್ಲ.

"ಕರಿಬೇವಿಗೆ ಡಿಕಾಕ್ಷನ್ನು" ಎಂದು ಸರೋಜಮ್ಮ ನಕ್ಕಳು. "ಯಾವ ಗಂಡಸು ಹಿಂಗ್ ಮಾಡ್ತಾನೆ ಅಣ್ಣಾ?"

ಮುನಿಯಮ್ಮ ಎದ್ದಳು. ಸೆರಗು ಸಿಕ್ಕಿಸಿಕೊಂಡು ಕೊಟ್ಟಿಗೆಗೆ ನಡೆದಳು. ಎಲ್ಲರೂ ಹಿಂದೆ ಹೋದರು. ಹಸುಗಳ ಮುಂದೆ ಗೋದಲಿ ತುಂಬ ಹಸಿ ಹುಲ್ಲಿತ್ತು. ಮುನಿಯಮ್ಮ ಅದನ್ನು ಕೈಯಲ್ಲಿ ಮುಟ್ಟಿ ನೋಡಿದಳು, ಹಸುವಿನ ಪಕ್ಕೆ ಸವರಿದಳು. ಮೂಲೆಯಲ್ಲಿ ಕರು ಕಾಲು ಚಾಚಿ ಬಿದ್ದುಕೊಂಡಿತ್ತು. ಹೊಟ್ಟೆ ತಮಟೆಯಾಗಿತ್ತು, ಮೂತಿಗೆಲ್ಲ ಕೆನೆ ಮೆತ್ತಿತ್ತು. ನಮ್ಮನ್ನು ನೋಡಿ ಅದೊಂದು ತೇಗು ತೇಗಿತು. ನನ್ನ ಪರವಾಗಿ ಆವತ್ತು ಸಾಕ್ಷಿ ಹೇಳಿದ್ದು ಅದೊಂದೇ.

ಮುನಿಯಮ್ಮ ಕರುವನ್ನು ನೋಡಿದಳು, ಖಾಲಿ ಪಾತ್ರೆಯನ್ನು ನೋಡಿದಳು, ಕೊನೆಗೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವಳ ಮೈ ಕುಲುಕತೊಡಗಿತು. ಅಳುತ್ತಿದ್ದಾಳೆ ಅಂದುಕೊಂಡೆ. ಅಲ್ಲ, ನಗುತ್ತಿದ್ದಳು. ಅವಳು ನಕ್ಕಳೆಂದು ಶಾಹಿದಾ ನಕ್ಕಳು, ಆಮೇಲೆ ಕೊಟ್ಟಿಗೆಯೇ ನಕ್ಕಿತು. ಮುನಿಯಮ್ಮ ಕಣ್ಣೊರೆಸಿಕೊಂಡು ಜಯಮ್ಮನ ಹೆಗಲ ಮೇಲೆ ಕೈ ಹಾಕಿದಳು.

"ಎಷ್ಟು ವರ್ಸ ಆಯ್ತವ್ವ ನಿನ್ನ ಮದುವೆಯಾಗಿ?"

"ಇಪ್ಪತ್ತು ದಾಟ್ತು ಮುನಿಯಮ್ಮ."

"ಇಪ್ಪತ್ತು ವರ್ಸ!" ಮುನಿಯಮ್ಮ ಎಲ್ಲರ ಕಡೆ ತಿರುಗಿದಳು. "ನೋಡ್ರವ್ವ. ಇಂಥಾ ಗಂಡನ್ನ ಇಟ್ಕೊಂಡು ಇಪ್ಪತ್ತು ವರ್ಸ ಮನೆ ನಡೆಸವ್ಳೆ, ಎರಡು ಹಸ ಸಾಕವ್ಳೆ, ಒಂದಿನಾನೂ ಸಂಘಕ್ಕೆ ಹಾಲು ತಪ್ಪಿಸಿಲ್ಲ. ಇವಳಿಗೆ ಸಂಘ ನಡೆಸೋದು ಒಂದು ಕಷ್ಟವಾ?"

ಅಲ್ಲಿಗೆ ತೀರ್ಮಾನವಾಗಿ ಹೋಯಿತು. ಮುಂದಿನ ವಾರ ಕಚೇರಿಯಲ್ಲಿ ಜಯಮ್ಮ ಅವಿರೋಧವಾಗಿ ಅಧ್ಯಕ್ಷೆಯಾದಳು. ಶೀಟಿನ ಕೆಲಸ ಶುರುವಾಗಿದೆ. ಊರಿನವರೆಲ್ಲ ಅವಳನ್ನು ಹೊಗಳುತ್ತಾರೆ, ಹೊಗಳುವಾಗಲೆಲ್ಲ ನನ್ನ ಕಡೆ ಒಮ್ಮೆ ನೋಡಿ, ಅವಳನ್ನು ಇನ್ನಷ್ಟು ಹೊಗಳುತ್ತಾರೆ.

ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಸರೋಜಮ್ಮನ ಗಂಡ ಸಿಕ್ಕಿದ್ದ. ಒಳ್ಳೆಯ ಮನುಷ್ಯ, ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡುವವನು. ಸಪ್ಪಗಿದ್ದ.

"ನೀವೇ ಕಣಣ್ಣ ನಿಮ್ಮನೆಯವ್ರನ್ನ ಗೆಲ್ಲಿಸಿದ್ದು" ಅಂದ. "ನಮ್ಮವಳು ದಿನಾ ಬೈತಾಳೆ. ನೀನೂ ಹಂಗಿದ್ದಿದ್ರೆ ನಾನೂ ಅಧ್ಯಕ್ಷೆ ಆಗ್ತಿದ್ದೆ ಅಂತಾಳೆ. ಏನ್ ಮಾಡೋದು, ನಿಮ್ಮಷ್ಟು ನಮ್ ಕೈಲಿ ಆಗಲ್ಲ ಬಿಡಿ."

ಅವನು ವ್ಯಂಗ್ಯವಾಗಿ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಮನಸಾರೆ ಹೇಳಿದ್ದ. ನಾನು ಥ್ಯಾಂಕ್ಸ್ ಹೇಳಿ ಬಸ್ಸು ಹತ್ತಿದೆ.